ಪ್ರಶ್ನೆ ಕೇಳುವ ಮಗುವಿಗೆ ಎಂಥ ಶಿಶುವಿಹಾರ?

ಮಗುವಿಗೆ ಮೂರು ತುಂಬುವ ವೇಳೆಗೆ ಮನೆಯಲ್ಲಿ ಪ್ರಶ್ನೆಗಳ ಮಳೆ ಹಿಡಿದುಕೊಳ್ಳುತ್ತದೆ. ದೋಸೆಯಲ್ಲಿ ತೂತುಗಳೇಕೆ? ಹಲ್ಲಿ ಸೂರಿನಿಂದ ಬೀಳುವುದಿಲ್ಲವೇಕೆ? ಚಂದ್ರ ನಮ್ಮ ಹಿಂದೆಯೇ ಬರುವುದೇಕೆ? ಅಜ್ಜಿ ತಾತಂದಿರು ಹಿಗ್ಗುತ್ತಾರೆ. ತಾಯಿತಂದೆಗಳಿಗಾದರೋ ಹಿಗ್ಗಿನೊಡನೆ ಚಿಂತೆಯೂ ಮೊದಲಾಗುತ್ತದೆ: ಇಷ್ಟು ಚುರುಕಾದ ಮಗುವನ್ನು ಎಲ್ಲಿ ಸೇರಿಸುವುದು?

ಬೆಂಗಳೂರಿನ ಬಡಾವಣೆಗಳಲ್ಲಿ ಶಿಶುವಿಹಾರಗಳಿಗೆ ಬರವಿಲ್ಲ. ಗೋಡೆಯ ಮೇಲೆ ಆನೆ, ಜಿರಾಫೆ. ಬಾಗಿಲಲ್ಲಿ ಬಣ್ಣದ ಫಲಕ. ಗಣೇಶನ ಹಬ್ಬದೊಳಗೆ ಇಂಗ್ಲಿಷ್ ಪದ್ಯಗಳು, ಸಂಕ್ರಾಂತಿಯೊಳಗೆ ನೂರರವರೆಗೆ ಬರವಣಿಗೆ ಎಂದು ಕೆಲವರು ಆಶ್ವಾಸನೆ ಕೊಡುವುದೂ ಉಂಟು. ಚುರುಕು ಮಗುವಿನ ತಾಯಿತಂದೆಗಳು ಇಂಥ ಆಶ್ವಾಸನೆಗೆ ಬೇಗನೆ ಮರುಳಾಗುತ್ತಾರೆ. ತಮ್ಮ ಮಗು ಇತರರಿಗಿಂತ ಮುಂದೆ ಓಡಬಲ್ಲದೆಂಬ ಹೆಮ್ಮೆ ಅವರದು. ಆದರೆ ಒಪ್ಪಿಸುವ ಜಾಣತನವೇ ಬೇರೆ, ಕೇಳುವ ಜಾಣತನವೇ ಬೇರೆ. ಮೊದಲನೆಯದನ್ನು ನೆಂಟರ ಮುಂದೆ ಮೆರೆಸಬಹುದು. ಎರಡನೆಯದು ಒಂದೇ ವರ್ಷದ ಗದರಿಕೆಯಿಂದ ಮುದುಡಿಹೋಗಬಹುದು.

ಇದನ್ನು ಹಿಂದಿನವರು ಅರಿಯದೆ ಇರಲಿಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ತೆರೆದ ಮಕ್ಕಳ ಮನೆಗೆ ಮುಂದೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ. ಮಕ್ಕಳ ತೋಟವೆಂದು ಅದರ ಅರ್ಥ. 1907ರಲ್ಲಿ ರೋಮ್ ನಗರದ ಬಡವರ ಕೇರಿಯಾದ ಸಾನ್ ಲೊರೆಂಜೊದಲ್ಲಿ ವೈದ್ಯೆ ಮರಿಯಾ ಮಾಂಟೆಸ್ಸರಿಯವರು ತಮ್ಮ ಮೊದಲ ಶಿಶುಗೃಹವನ್ನು ಆರಂಭಿಸಿದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸ್ಸರಿಯವರು ಯುದ್ಧದ ಕಾರಣ 1946ರವರೆಗೆ ಭಾರತದಲ್ಲಿಯೇ ಉಳಿಯಬೇಕಾಯಿತು. ಆ ವರ್ಷಗಳಲ್ಲಿ ಅವರು ಇಲ್ಲಿನ ಅನೇಕ ಶಿಕ್ಷಕರಿಗೆ ತರಬೇತಿ ಕೊಟ್ಟರು.

ಅವರ ಒಂದು ಸಾಧನವನ್ನು ನೋಡಿದರೆ ಪದ್ಧತಿಯ ಗುಟ್ಟು ತಿಳಿಯುತ್ತದೆ. ಉದ್ದನೆಯ ಮರದ ದಿಮ್ಮಿಯಲ್ಲಿ ಹತ್ತು ಕುಳಿಗಳು. ಅವುಗಳಿಗೆ ಸರಿಹೊಂದುವ, ಹಿಡಿಯುಳ್ಳ ಹತ್ತು ಉರುಳೆಗಳು. ಒಂದನ್ನು ತಪ್ಪು ಕುಳಿಯಲ್ಲಿಟ್ಟರೆ ಕೊನೆಗೊಂದು ಉರುಳೆ ಕೂರದೆ ಉಳಿಯುತ್ತದೆ. ಮಗು ಅದನ್ನು ನೋಡುತ್ತದೆ, ಯೋಚಿಸುತ್ತದೆ, ಎಲ್ಲವನ್ನೂ ತೆಗೆದು ಮತ್ತೆ ಜೋಡಿಸುತ್ತದೆ. ತಪ್ಪೆಂದು ಹೇಳಲು ಶಿಕ್ಷಕಿಯೇ ಬೇಕಾಗಿಲ್ಲ. ಅಲ್ಲದೆ ಮೂರರಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿರುವುದರಿಂದ ಚುರುಕಾದ ಕಿರಿಯ ಮಗುವಿಗೆ ಹಿರಿಯರ ಕೆಲಸ ಕಣ್ಣಿಗೆ ಬೀಳುತ್ತಿರುತ್ತದೆ; ಯಾರೂ ಅದನ್ನು ಮುಂದಕ್ಕೆ ದಬ್ಬಬೇಕಾಗುವುದಿಲ್ಲ.

ಹಾಗೆಂದು ಫಲಕದ ಮೇಲಿನ ಹೆಸರನ್ನೇ ನಂಬಬಾರದು. 'ಮಾಂಟೆಸ್ಸರಿ' ಎಂಬ ಹೆಸರು ಯಾರ ಸ್ವತ್ತೂ ಅಲ್ಲ. ಸಾಧನಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಮಕ್ಕಳನ್ನು ಸಾಲಾಗಿ ಕೂರಿಸಿ ಬರೆಯಿಸುವ ಶಾಲೆಗೂ ಆ ಹೆಸರು ಇರಬಹುದು. ಮೂರು ನಾಲ್ಕರ ವಯಸ್ಸಿನಲ್ಲಿ ಮಣಿಕಟ್ಟಿನ ಎಲುಬುಗಳೇ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಆ ಕೈಯಿಂದ ಪುಟಗಟ್ಟಲೆ ಬರೆಯಿಸುವುದು ವಿದ್ಯೆಯಲ್ಲ, ದಂಡನೆ. ಅವಸರವಾದರೂ ಏತಕ್ಕೆ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದನೆಯ ತರಗತಿಯ ಸ್ಥಾನ ಆರನೆಯ ವಯಸ್ಸಿಗೆ.

ಆದುದರಿಂದ ಶುಲ್ಕದ ಪಟ್ಟಿಯನ್ನು ಕೇಳುವ ಮೊದಲು, ಸಾಧ್ಯವಾದರೆ ಒಂದು ಮುಂಜಾನೆ ತರಗತಿಯ ಮೂಲೆಯಲ್ಲಿ ಸುಮ್ಮನೆ ಕುಳಿತುಬರುವುದು ಲೇಸು. ಮಗುವೊಂದು ಪಾಠದ ನಡುವೆ ಇರುವೆಯ ಸಾಲನ್ನು ತೋರಿಸಿದರೆ ಶಿಕ್ಷಕಿ ಏನು ಮಾಡುತ್ತಾರೆ? ಬಗ್ಗಿ ತಾವೂ ನೋಡುವರೋ, ಕೈಕಟ್ಟಿ ಬಾಯಿಮುಚ್ಚೆನ್ನುವರೋ? ಗೋಡೆಗೆ ಅಂಟಿಸಿದ ಇಪ್ಪತ್ತು ಚಿತ್ರಗಳಲ್ಲಿ ಇಪ್ಪತ್ತು ಸೇಬುಗಳೂ ಒಂದೇ ಕೆಂಪಾಗಿವೆಯೋ? ನೀರು, ಮರಳು, ಮಣ್ಣು ಮಕ್ಕಳ ಕೈಗೆ ಸಿಗುತ್ತವೆಯೋ? ಶಾಲೆಯವರು ನೋಡಲು ಬಿಡದಿದ್ದರೆ ಅದೂ ಒಂದು ಉತ್ತರವೇ. ಮೂರು ವರ್ಷದ ಕೂಸಿಗೆ ಪ್ರವೇಶಪರೀಕ್ಷೆ ನಡೆಸುವ ಕಡೆಗಂತೂ ಹೋಗದಿರುವುದೇ ಒಳ್ಳೆಯದು.

ಇನ್ನು ಭಾಷೆಯ ಮಾತು. ಮಗು ಪ್ರಶ್ನೆ ಕೇಳುವುದು ಮನೆಯ ನುಡಿಯಲ್ಲಿ. ಇಂಗ್ಲಿಷಿನಲ್ಲಿಯೇ ಕೇಳಬೇಕೆಂದು ಕಟ್ಟು ಮಾಡಿದರೆ, ಅಮ್ಮನೊಡನೆ ದಿನವಿಡೀ ಹರಟುವ ಮಗು ಶಾಲೆಯಲ್ಲಿ ಮೂಗನಂತೆ ಕೂರುತ್ತದೆ. ಅಲ್ಲಿನವರು ಅದನ್ನು ಮಂದಮತಿಯೆಂದು ಎಣಿಸುವುದೂ ಉಂಟು. ಇಂಗ್ಲಿಷ್ ಕಲಿಯಬಾರದೆಂದಲ್ಲ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಮರುಮಾತಾಡುವವರು ಅಲ್ಲಿ ಒಬ್ಬರಾದರೂ ಇರಬೇಕು.

ದುಬಾರಿಯಾದುದೇ ಉತ್ತಮವೆಂಬ ಭ್ರಮೆ ಬೇಡ. 1975ರಲ್ಲಿ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆ ಮೊದಲಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. ಮಧ್ಯಮವರ್ಗದವರು ಅಂಗನವಾಡಿಯತ್ತ ತಿರುಗಿಯೂ ನೋಡುವುದಿಲ್ಲ. ಕಥೆ ಹೇಳಬಲ್ಲ ಕಾರ್ಯಕರ್ತೆಯಿದ್ದ ಕಡೆ ಅಲ್ಲಿಯೂ ಮಕ್ಕಳು ಅರಳುತ್ತಾರೆ. ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವ್ಯಾನಿನಲ್ಲಿ ಹೋಗುತ್ತ ಒಂದು ಗಂಟೆ, ಬರುತ್ತ ಒಂದು ಗಂಟೆ ತೂಕಡಿಸುವ ಮಗುವಿಗೆ ಎಷ್ಟು ದೊಡ್ಡ ಶಾಲೆಯಾದರೇನು?

ಸೇರಿಸಿದ ಮೇಲೆ ಮೊದಲ ಕೆಲವು ವಾರ ಅಳು ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಮೂರು ತಿಂಗಳು ಕಳೆದ ಮೇಲೆ ಮನೆಯಲ್ಲಿ ಹಲ್ಲಿಯ ಮಾತೂ ಇಲ್ಲ, ಚಂದ್ರನ ಮಾತೂ ಇಲ್ಲ ಎಂದಾದರೆ ಶಿಕ್ಷಕಿಯನ್ನು ಕಂಡು ಮಾತಾಡಬೇಕು; ಅಲ್ಲಿ ಕಿವಿಗೊಡುವವರಿಲ್ಲದಿದ್ದರೆ, ವರ್ಷದ ಶುಲ್ಕ ಕಟ್ಟಿಯಾಯಿತಲ್ಲ ಎಂದು ಮಾರ್ಚ್ ತಿಂಗಳವರೆಗೆ ಕಾಯಬೇಕಾಗಿಲ್ಲ.