ರೈಲು ಉಳಿಸಿದ ಅಕ್ಕಿ ಬಿಸ್ಕತ್ತು: ಬೀದರ್‌ಗೂ ಇದೆ ಪಾಠ

ಬೀದರ್: ರೈಲನ್ನು ಪ್ರಯಾಣದ ಸಾಧನವಾಗಿ ಮಾತ್ರವಲ್ಲ, ಅಭಿಮಾನದ ವಸ್ತುವಾಗಿಯೂ ಕಾಣುವ ದೊಡ್ಡ ವರ್ಗವೇ ಜಪಾನಿನಲ್ಲಿದೆ. ಹಳೆಯ ನಾಮಫಲಕ, ಬುಲೆಟ್ ರೈಲಿನ ಆಕಾರದ ಊಟದ ಡಬ್ಬಿ, ಆಟಿಕೆ ಬೋಗಿ ಎಲ್ಲಕ್ಕೂ ಅಲ್ಲಿ ಗ್ರಾಹಕರುಂಟು. 1959ರಿಂದ ಮಾರಾಟದಲ್ಲಿರುವ ‘ಪ್ಲಾರೈಲ್’ ಆಟಿಕೆ ಇದಕ್ಕೆ ನಿದರ್ಶನ.

ಈ ಅಭಿಮಾನ ರೈಲುಮಾರ್ಗವೊಂದನ್ನೇ ಉಳಿಸಿದ್ದೂ ಉಂಟು. ಚಿಬಾ ಪ್ರಾಂತ್ಯದ ಚೋಶಿ ವಿದ್ಯುತ್ ರೈಲ್ವೆಯ ಉದ್ದ ಕೇವಲ 6.4 ಕಿ.ಮೀ. 2006ರಲ್ಲಿ ಬೋಗಿಗಳ ಕಡ್ಡಾಯ ತಪಾಸಣೆಗೂ ಹಣವಿಲ್ಲದಾದಾಗ, ತಾನೇ ತಯಾರಿಸುವ, ಸೋಯಾ ಸಾಸ್‌ನಲ್ಲಿ ನೆನೆಸಿದ ಅಕ್ಕಿ ಬಿಸ್ಕತ್ತು ಕೊಳ್ಳುವಂತೆ ಸಂಸ್ಥೆ ಅಂತರ್ಜಾಲದಲ್ಲಿ ಮೊರೆಯಿಟ್ಟಿತು. ಬೇಡಿಕೆ ಹರಿದುಬಂತು; ರೈಲು ನಿಲ್ಲಲಿಲ್ಲ.

ಬೀದರ್‌ನಲ್ಲಿ ಇಂತಹ ವಸ್ತುವಿಗೆ ಕೊರತೆಯಿಲ್ಲ. ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣು ಬಳಸಿ ಕಪ್ಪಾಗಿಸುವ ಬಿದ್ರಿ ಕಲೆಗೆ ಅದೇ 2006ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. 2022ರಲ್ಲಿ ಆರಂಭವಾದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆಯಡಿ ಸ್ಥಳೀಯ ಕುಶಲಕರ್ಮಿಗಳಿಗೆ ನಿಲ್ದಾಣಗಳಲ್ಲೇ ಮಾರಾಟಕ್ಕೆ ಅವಕಾಶವಿದೆ.

ತೊಡಕಿರುವುದು ಬೆಲೆಯಲ್ಲಿ. ಬಿದ್ರಿ ಹೂಜಿ, ಹೂದಾನಿಗಳು ಸಾಮಾನ್ಯ ಪ್ರಯಾಣಿಕನ ಜೇಬಿಗೆ ಭಾರ. ಎಂಜಿನ್ ಚಿತ್ರದ ಕೀಲಿಗೊಂಚಲು, ಭಾಲ್ಕಿ ನಿಲ್ದಾಣದ ಹೆಸರುಳ್ಳ ಬಿಲ್ಲೆಯಂತಹ ಚಿಕ್ಕ ಸ್ಮರಣಿಕೆಗಳಿಗಾದರೆ ಬೆಳ್ಳಿಯೂ ಶ್ರಮವೂ ಕಡಿಮೆ ಸಾಕು. 2017ರ ಅಕ್ಟೋಬರ್ 29ರಂದು ಬೀದರ್-ಕಲಬುರಗಿ ಮಾರ್ಗ ಲೋಕಾರ್ಪಣೆಗೊಂಡ ಬಳಿಕ ಪ್ರಯಾಣಿಕರಿಗೆ ಹೊಸ ದಾರಿಯೂ ತೆರೆದಿದೆ.

ಔರಾದ್ ಪಟ್ಟಣ ಇಂದಿಗೂ ರೈಲಿಗಾಗಿ ಕಾದಿದೆ. ರೈಲು ಬಂದ ಊರುಗಳಲ್ಲಾದರೂ ಅದು ಕುಶಲಕರ್ಮಿಯ ಮನೆಯ ಒಲೆ ಉರಿಸುವಂತಾದರೆ, ಹಳಿ ಹಾಕಿದ್ದು ಇನ್ನಷ್ಟು ಸಾರ್ಥಕವಾದೀತು.