ಕಸ್ತೂರಿ ಅರಿಸಿನ: ಗುರುತು ತಪ್ಪದಿರಲಿ

ಬೇಸಿಗೆಯ ಕೊನೆಗೆ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಹಳಿಯಾಳ, ದಾಂಡೇಲಿಯ ಸಾಗುವಾನಿ ಕಾಡಿನ ಅಂಚಿನಲ್ಲಿ ನಡೆದು ನೋಡಿ. ತರಗೆಲೆಯ ನಡುವೆ, ಇನ್ನೂ ಎಲೆ ಬಿಡುವ ಮೊದಲೇ, ನೆಲದಿಂದ ನೇರವಾಗಿ ಎದ್ದ ಗೇಣುದ್ದದ ಹೂಗೊನೆ ಕಾಣಬಹುದು. ತುದಿಯ ಪತ್ರಗಳು ಗುಲಾಬಿ, ಕೆಳಗಿನವು ತಿಳಿಹಸಿರು. ನಿಜವಾದ ಹೂವು ಈ ಹಸಿರು ದೊನ್ನೆಗಳೊಳಗಿಂದ ಇಣುಕುತ್ತದೆ. ಬಣ್ಣ ನಸುಗುಲಾಬಿ, ತುಟಿ ಮಾತ್ರ ಹಳದಿ. ಇದೇ ಕಸ್ತೂರಿ ಅರಿಸಿನ. ಸಸ್ಯಶಾಸ್ತ್ರದಲ್ಲಿ ಕರ್ಕುಮ ಅರೊಮ್ಯಾಟಿಕ.

ಸೌಂದರ್ಯ ಸಾಧನಗಳಿಗಾಗಿ ಇದಕ್ಕೆ ಬೇಡಿಕೆಯಿದೆ. ಆದರೆ ಪೇಟೆಯಲ್ಲಿ ಈ ಹೆಸರಿನಿಂದ ಮಾರುವ ಕಡುಹಳದಿ ಗೆಡ್ಡೆ ಅನೇಕ ವೇಳೆ ಬೇರೆ ಜಾತಿಯದು. ಅದನ್ನೇ ಬೀಜಕ್ಕೆ ತಂದು ನೆಟ್ಟರೆ ಒಂದು ವರ್ಷದ ದುಡಿಮೆ ನೀರುಪಾಲು. ಗುರುತು ಬಲ್ಲ ಖರೀದಿದಾರ ಆ ಮಾಲನ್ನು ಮುಟ್ಟುವುದಿಲ್ಲ.

ಪರೀಕ್ಷೆ ಸುಲಭ. ಮಳೆಗಾಲದಲ್ಲಿ ಎಲೆಯ ಕೆಳಬದಿಗೆ ಬೆರಳಾಡಿಸಿ. ಕಸ್ತೂರಿಯದಾದರೆ ಮಖಮಲ್ಲಿನಂತೆ ಮೃದುವಾದ ನವಿರು ರೋಮಗಳು ಕೈಗೆ ತಿಳಿಯುತ್ತವೆ. ನಡುನರದ ಗುಂಟ ನೇರಳೆ ಪಟ್ಟೆಯಿದ್ದು ಕೆಳಬದಿ ನುಣುಪಾಗಿದ್ದರೆ ಅದು ಕಸ್ತೂರಿಯಲ್ಲ. ಇನ್ನು ಗೆಡ್ಡೆಯನ್ನು ಕತ್ತರಿಸಿ: ಒಳಗೆ ಕೆನೆಬಣ್ಣ ಅಥವಾ ತೆಳು ಹಳದಿ, ಮೂಗಿಗೆ ಕರ್ಪೂರದ ಘಮ. ಅಡುಗೆಯ ಅರಿಸಿನದಂತೆ ಇದು ಚರ್ಮಕ್ಕೆ ಗಾಢವಾಗಿ ಬಣ್ಣ ಹತ್ತಿಸುವುದಿಲ್ಲ. ರುಚಿ ಕಹಿ, ಸಾರಿಗೆ ಹಾಕುವಂಥದ್ದಲ್ಲ.

ಮಳೆಗಾಲದ ನಡುವೆ ಎಲೆಗಳ ಮಧ್ಯದಿಂದ ಕಡುಹಳದಿ ಹೂ ಬಿಡುವ ಇನ್ನೊಂದು ಕಾಡು ಅರಿಸಿನವೂ ಪಶ್ಚಿಮ ಘಟ್ಟದಲ್ಲಿದೆ. ನೋಡಲು ಚೆಂದ, ಆದರೆ ಅದು ಬೇರೆ.

ಕಸ್ತೂರಿಗೆ ಅರೆನೆರಳು, ಕೊಳೆತ ಎಲೆಯ ಮಣ್ಣು, ನೀರು ನಿಲ್ಲದ ಇಳಿಜಾರು ಹಿತ. ಜೋಯಿಡಾದಲ್ಲಿ ಬಿದಿರು ಮೆಳೆಯ ಸುತ್ತ, ಕಾಡಿನ ಅಂಚಿನಲ್ಲಿ ನೋಡಿ. ಮುಂಡಗೋಡದ ಕಡೆ ಮಳೆ ಕಡಿಮೆ. ಒಣ ದಿನ್ನೆಗಿಂತ ಹಳ್ಳದ ದಂಡೆಯಲ್ಲಿ ಹುಡುಕುವುದು ಲೇಸು. ಚಳಿಗಾಲ ಬಂದಂತೆ ಎಲೆ ಒಣಗಿ ಗಿಡ ಮಾಯವಾಗುತ್ತದೆ, ಗೆಡ್ಡೆ ಮಾತ್ರ ನೆಲದಲ್ಲಿ ಜೀವ ಹಿಡಿದಿರುತ್ತದೆ. ಆದ್ದರಿಂದ ಹೂವಿನ ಕಾಲದಲ್ಲೇ ಪಕ್ಕಕ್ಕೊಂದು ಗೂಟ ನೆಡಿ.

ಈ ಗೂಟ ನಿಮ್ಮ ಸ್ವಂತ ಹಿಡುವಳಿಯಲ್ಲಿರಲಿ. 2015ರವರೆಗೆ ಅಣಶಿ-ದಾಂಡೇಲಿ ಎಂದು ಕರೆಯುತ್ತಿದ್ದ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಗೆಯುವುದು ಅಪರಾಧ. ಸ್ವಂತ ನೆಲದಲ್ಲಿ ಅಗೆಯುವಾಗಲೂ ಬುಡದ ಅರ್ಧವನ್ನು ಅಲ್ಲೇ ಬಿಡಿ. ಮೊಗ್ಗಿರುವ ತುಂಡುಗಳನ್ನು ನೆರಳಲ್ಲಿಟ್ಟುಕೊಂಡು, ಮೇ ತಿಂಗಳ ಮಳೆಗೆ ಅರಿಸಿನದಂತೆಯೇ ಏರುಮಡಿಯಲ್ಲಿ ನೆಟ್ಟು ಮೇಲೆ ಸೊಪ್ಪು ಮುಚ್ಚಿ.