ಬಿಲ್ಲಿನ ತಟ್ಟೆಯ ಚಿಲ್ಲರೆ

ಮದ್ರಾಸಿನ ಉಡುಪಿ ಹೋಟೆಲುಗಳಲ್ಲಿ ಬಿಲ್ಲು ಮೇಜಿಗೆ ಬರುವುದಕ್ಕೂ ಒಂದು ಕ್ರಮವಿತ್ತು. ಅಂಗೈಯಗಲದ ಸ್ಟೀಲ್ ತಟ್ಟೆ, ಅದರಲ್ಲಿ ಒಂದು ಚಿಟಿಕೆ ಸೋಂಪು, ಸೋಂಪಿನ ಕೆಳಗೆ ಒದ್ದೆ ಬೆರಳಿನ ಗುರುತು ಮೂಡಿದ ಚೀಟಿ. ಗಿರಾಕಿ ನೋಟು ಇಟ್ಟರೆ ಸಪ್ಲೈಯರ್ ಗಲ್ಲಾಕ್ಕೆ ಹೋಗಿ ಚಿಲ್ಲರೆ ತಂದು ಅದೇ ತಟ್ಟೆಯಲ್ಲಿಟ್ಟು, ಪಕ್ಕದ ಮೇಜಿನ ಲೋಟ ಎತ್ತುವ ನೆವದಲ್ಲಿ ಎರಡು ಹೆಜ್ಜೆ ಸರಿದು ನಿಲ್ಲುತ್ತಿದ್ದ. ಗಿರಾಕಿ ನೋಟುಗಳನ್ನು ಎತ್ತಿಕೊಂಡು ನಾಣ್ಯ ಬಿಟ್ಟು ಎದ್ದರೆ ಅದು ಅವನ ಟಿಪ್ಸು. ನಾಣ್ಯವನ್ನೂ ಒರೆಸಿ ಜೇಬಿಗಿಳಿಸಿದರೆ ಮುಖದಲ್ಲಿ ಏನನ್ನೂ ತೋರಿಸದೆ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ.

ಹೋಟೆಲಿನಲ್ಲಿ ಬಡಿಸಿದವರಿಗೆ ದುಡ್ಡು ಕೊಡಬೇಕೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಸಂಬಳ ಕೊಡುವುದು ಧಣಿಯ ಕೆಲಸ, ತಿಂಡಿಗೆ ದುಡ್ಡು ಕೊಟ್ಟ ಮೇಲೆ ಇನ್ನೇಕೆ ಎನ್ನುವವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೂ ನಾನು ಕೊಡಬೇಕು ಎನ್ನುವ ಪಕ್ಷದವನು. ಕೈಗೇ ಕೊಡಬೇಕು, ಮನಸ್ಸಿದ್ದಷ್ಟು ಕೊಡಬೇಕು, ಧಣಿ ಅದನ್ನು ಸಂಬಳದ ಲೆಕ್ಕಕ್ಕೆ ಹಿಡಿಯಲು ಬಿಡಬಾರದು. ಚೆನ್ನೈನಲ್ಲಿ ನಮ್ಮವರು ಕಟ್ಟಿದ ಹೋಟೆಲುಗಳ ನೂರು ವರ್ಷದ ಕಥೆಯನ್ನು ನೋಡುತ್ತ ಬಂದರೆ ಈ ಮೂರೂ ಮಾತು ಬೇರೆ ಬೇರೆಯಲ್ಲ ಎಂದು ತಿಳಿಯುತ್ತದೆ.

ಉಡುಪಿ ಸೀಮೆಯಿಂದ ಹೊರಟವರು ಬಡಿಸುವುದನ್ನು ಕಲಿತದ್ದು ಮಠ, ದೇವಸ್ಥಾನ, ಮದುವೆಮನೆಗಳ ಪಂಕ್ತಿಯಲ್ಲಿ. ಅಲ್ಲಿ ಬಡಿಸುವವನಿಗೆ ಉಣ್ಣುವವನು ದುಡ್ಡು ಕೊಡುವ ಮಾತೇ ಇರಲಿಲ್ಲ. ದುಡ್ಡು ಹರಿಯುತ್ತಿದ್ದುದು ಎದುರು ದಿಕ್ಕಿನಲ್ಲಿ: ಎಲೆಯ ಮುಂದೆ ಕೂತ ಬ್ರಾಹ್ಮಣನಿಗೇ ದಕ್ಷಿಣೆ. ಯಾರು ಪಂಕ್ತಿಯಲ್ಲಿ ಕೂರಬಹುದು, ಯಾರು ಹೊರಗೆ ಕಾಯಬೇಕು ಎಂಬ ಕ್ರೂರ ಕಟ್ಟಳೆಯೂ ಆ ಊಟದ ಜೊತೆಗೇ ಇತ್ತು. ಅದನ್ನು ಮರೆತು ಮಠದ ಊಟವನ್ನು ಹೊಗಳುವುದು ಸರಿಯಲ್ಲ. ಹೋಟೆಲು ಬಂದಾಗ ಬಡಿಸುವ ಕ್ರಮ ಮಾತ್ರ ಹಾಗೇ ಉಳಿಯಿತು. ಬಗ್ಗಿ ಬಡಿಸು, ಎಲೆ ಬರಿದಾಗುವ ಮೊದಲೇ ವಿಚಾರಿಸು, ಸಾಂಬಾರಿಗೆ ಲೆಕ್ಕ ಹಿಡಿಯಬೇಡ. ಆದರೆ ಈಗ ಉಂಡವನು ದುಡ್ಡು ಕೊಡುವವನಾಗಿದ್ದ.

ಈ ಪಲ್ಲಟವನ್ನು ಒಬ್ಬರ ಬದುಕಿನಲ್ಲಿ ಕಾಣಬೇಕೆಂದರೆ ಕೆ. ಕೃಷ್ಣರಾಯರ ಬದುಕನ್ನು ನೋಡಬೇಕು. 1898ರಲ್ಲಿ ಕಡಂದಲೆಯಲ್ಲಿ ಹುಟ್ಟಿದವರು. 1920ರ ದಶಕದಲ್ಲಿ ಮದ್ರಾಸಿಗೆ ಬಂದು, ಬೇರೆಯವರ ಕೈಕೆಳಗೆ ದುಡಿದು, ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯಲ್ಲಿ ತಮ್ಮದೇ ಹೋಟೆಲು ನಡೆಸಿದರು. ಆಮೇಲೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ. 1938ರಲ್ಲಿ ರಾಯಪೇಟೆಯ ದೊಡ್ಡ ಬಂಗಲೆಯೊಂದರಲ್ಲಿ ವುಡ್‌ಲ್ಯಾಂಡ್ಸ್, ಬಳಿಕ ಮೈಲಾಪುರದಲ್ಲಿ ನ್ಯೂ ವುಡ್‌ಲ್ಯಾಂಡ್ಸ್. ಕೆ. ಸೀತಾರಾಮ ರಾಯರ ದಾಸಪ್ರಕಾಶ ಮೈಸೂರಿನಿಂದ ಬೆಳೆದು ಬಂದು ಪೂನಮಲ್ಲಿ ಹೈರೋಡಿನಲ್ಲಿ ಎದ್ದು ನಿಂತಿತು. ಇವೆರಡರ ನೆರಳಿನಲ್ಲಿ, ಹೆಸರಿನ ಮುಂದೆ ‘ಉಡುಪಿ’ ಎಂದು ಬರೆಸಿಕೊಂಡ ಸಣ್ಣಪುಟ್ಟ ಹೋಟೆಲುಗಳು ಎಷ್ಟೋ.

ಅವಕ್ಕೆಲ್ಲ ಆಳು ಬರುತ್ತಿದ್ದುದು ಊರಿನಿಂದ. 1923ರಲ್ಲಿ ದಕ್ಷಿಣ ಕನ್ನಡದ ನದಿಗಳು ಉಕ್ಕಿ ಹರಿದ ನೆರೆಯನ್ನು ಕರಾವಳಿ ಬಹುಕಾಲ ಮರೆಯಲಿಲ್ಲ. ಅದಿಲ್ಲದ ವರ್ಷಗಳಲ್ಲೂ ಗೇಣಿಯ ಗದ್ದೆ ಹತ್ತು ಬಾಯಿಗೆ ಸಾಲುತ್ತಿರಲಿಲ್ಲ. ಕುಂದಾಪುರ, ಉಡುಪಿ, ಕಾರ್ಕಳದ ಹಳ್ಳಿಗಳಿಂದ ಮೀಸೆ ಮೂಡದ ಮಾಣಿಗಳು ಯಾರೋ ಚಿಕ್ಕಪ್ಪನದೋ, ಊರವರದೋ ಹೆಸರು ಹಿಡಿದು ರೈಲು ಹತ್ತುತ್ತಿದ್ದರು. ಹೋಟೆಲಿನಲ್ಲೇ ಊಟ, ಹೋಟೆಲಿನಲ್ಲೇ ನಿದ್ದೆ. ರಾತ್ರಿ ಕೊನೆಯ ಗಿರಾಕಿ ಎದ್ದ ಮೇಲೆ ಮೇಜುಗಳನ್ನು ಜೋಡಿಸಿಕೊಂಡು ಅದರ ಮೇಲೆಯೇ ಮಲಗುವುದು, ಬೆಳಗಿನ ಜಾವ ಅಡುಗೆಭಟ್ಟರು ಒಲೆ ಹೊತ್ತಿಸುವ ಹೊತ್ತಿಗೆ ಏಳುವುದು. ಸಂಬಳ ಎಂಬುದು ಅನೇಕರ ಕೈಗೆ ಬರುತ್ತಲೇ ಇರಲಿಲ್ಲ. ಧಣಿಯ ಪುಸ್ತಕದಲ್ಲಿ ಜಮೆಯಾಗಿ, ಊರಿಗೆ ಮನಿಯಾರ್ಡರಾಗಿ ಹೋಗುತ್ತಿತ್ತು. ಹೀಗೆ ದುಡಿದವರೇ ಮುಂದೆ ಧಣಿಗಳಾದರು, ಊರಿನ ಶಾಲೆಗಳಿಗೆ ಕೊಟ್ಟರು, ಇನ್ನಷ್ಟು ಮಾಣಿಗಳನ್ನು ಕರೆಸಿಕೊಂಡರು. ಅದು ಹೆಮ್ಮೆಯ ಕಥೆ. ಆದರೆ ಧಣಿಯಾಗದವರೇ ಹೆಚ್ಚು.

ಅವರ ಪಾಲಿಗೆ ತಟ್ಟೆಯಲ್ಲಿ ಉಳಿದ ಕಾಸು ಸಣ್ಣದಾಗಿರಲಿಲ್ಲ. ಸಂಬಳದ ದುಡ್ಡು ಅಪ್ಪ ಅಮ್ಮನದು, ಟಿಪ್ಸಿನ ದುಡ್ಡು ತನ್ನದು. ಹೇರ್‌ಕಟ್ಟಿಂಗು, ಬೀಡಿ, ತಲೆಗೆಣ್ಣೆ, ರಜೆ ಸಿಕ್ಕರೆ ಒಂದು ಸಿನಿಮಾ, ಊರಿಗೆ ಹೋಗುವಾಗ ತಂಗಿಗೊಂದು ರಿಬ್ಬನ್ನು ಎಲ್ಲ ಅದರಲ್ಲೇ. ಆಣೆ ಪೈಗಳ ಕಾಲದಲ್ಲಿ ಬಿಲ್ಲು ಯಾವಾಗಲೂ ಮುರುಕು ಮೊತ್ತಕ್ಕೇ ಬರುತ್ತಿತ್ತು, ಚಿಲ್ಲರೆ ಉಳಿದೇ ಉಳಿಯುತ್ತಿತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದ ಮೇಲೂ ಅದು ತಪ್ಪಲಿಲ್ಲ. ಟಿಪ್ಸನ್ನು ಈ ಹೋಟೆಲುಗಳಿಗೆ ಕಲಿಸಿಕೊಟ್ಟವರು ಬ್ರಿಟಿಷರೆಂದು ಹೇಳುವುದುಂಟು. ದೊರೆಗಳು ಬಟ್ಲರನಿಗೆ ಭಕ್ಷೀಸು ಎಸೆಯುತ್ತಿದ್ದುದು ನಿಜ. ಆದರೆ ಇಡ್ಲಿ ತಿನ್ನುವ ಗುಮಾಸ್ತನಿಗೆ ಆ ಪಾಠ ಬೇಕಿರಲಿಲ್ಲ. ದಿನವೂ ಅದೇ ಮೇಜಿಗೆ ಬರುವವನು, ದಿನವೂ ಅದೇ ಮಾಣಿ. ‘ಭಟ್ರೇ, ಎಂದಿನ ಹಾಗೇ’ ಎಂದರೆ ಡಿಕಾಕ್ಷನ್ ಎಷ್ಟು, ಸಕ್ಕರೆ ಎಷ್ಟು ಎಂದು ಮತ್ತೆ ಕೇಳಬೇಕಾಗಿಲ್ಲ. ಆ ಗುರುತಿಗೆ ಒಂದು ಕಾಸು, ದೀಪಾವಳಿಗೆ ಇನಾಮು. ಇದು ಮನುಷ್ಯರ ನಡುವೆ ತಾನಾಗಿ ಹುಟ್ಟಿಕೊಂಡ ಲೆಕ್ಕ ಎಂದೇ ನನ್ನ ನಂಬಿಕೆ.

ಇದರೊಳಗೊಂದು ಅನ್ಯಾಯವೂ ಮೊದಲಿನಿಂದಲೇ ಇತ್ತು. ಅಂದಿನ ಉಡುಪಿ ಹೋಟೆಲಿನಲ್ಲಿ ಬಡಿಸುವ ಕೈ ಬೇರೆ, ಎಂಜಲು ತೆಗೆಯುವ ಕೈ ಬೇರೆ. ಬಡಿಸುವವನು ಬ್ರಾಹ್ಮಣನಾಗಿರಬೇಕು, ಆಗ ಎಲ್ಲರೂ ತಿನ್ನಬಹುದು ಎಂಬ ಎಣಿಕೆ. ಎಲೆ ಎತ್ತುವ, ಮೇಜು ಒರೆಸುವ, ಹಿತ್ತಲಲ್ಲಿ ಪಾತ್ರೆ ತಿಕ್ಕುವ ಹುಡುಗ ಬೇರೆ ಜಾತಿಯವನು. ಟಿಪ್ಸು ಬೀಳುತ್ತಿದ್ದುದು ಬಡಿಸಿದವನಿಗೆ. ಕ್ಲೀನರ್ ಅದನ್ನು ನೋಡುತ್ತ ಬಕೆಟ್ ಹೊರುತ್ತಿದ್ದ. ಹೋಟೆಲಿನ ಬೋರ್ಡಿನಲ್ಲಿ ‘ಬ್ರಾಹ್ಮಣ’ ಎಂಬ ಪದ ಇರಬಾರದೆಂದು 1957ರಲ್ಲಿ ಪೆರಿಯಾರ್ ಅವರ ಕಡೆಯವರು ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಚಳವಳಿ ಹೂಡಿದರು. ಬೋರ್ಡುಗಳು ಬದಲಾದವು. ಅಡುಗೆಮನೆಯೊಳಗಿನ ಮೇಲುಕೀಳು ಬದಲಾಗಲು ಇನ್ನೂ ಬಹಳ ವರ್ಷ ಬೇಕಾಯಿತು. ಟಿಪ್ಸಿನ ವಿರುದ್ಧ ನಾನು ಒಪ್ಪುವ ಒಂದೇ ವಾದ ಇದು: ಅದು ಕಣ್ಣಿಗೆ ಕಂಡವನಿಗೆ ಸಿಗುತ್ತದೆ, ಕಾಣದವನಿಗೆ ಸಿಗುವುದಿಲ್ಲ. ಗಲ್ಲಾದ ಪಕ್ಕದಲ್ಲಿ ಡಬ್ಬಿ ಇಟ್ಟು ದಿನದ ಕೊನೆಗೆ ಎಲ್ಲರೂ ಹಂಚಿಕೊಳ್ಳುವ ಪದ್ಧತಿ ಕೆಲವು ಕಡೆ ಬಂದಿದೆ. ಅಂಥ ಕಡೆ ನಾನು ಡಬ್ಬಿಗೇ ಹಾಕುತ್ತೇನೆ.

1962ರಲ್ಲಿ ಕೃಷ್ಣರಾಯರು ಕೆಥೆಡ್ರಲ್ ರಸ್ತೆಯ ಕೃಷಿ-ತೋಟಗಾರಿಕಾ ಸೊಸೈಟಿಯ ಜಾಗದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಸಪ್ಲೈಯರ್ ಬಂದು ಕಾರಿನ ಬಾಗಿಲಿಗೆ ಟ್ರೇ ಸಿಕ್ಕಿಸಿ ತಿಂಡಿ ಇಡುತ್ತಿದ್ದ. ಕಿಟಕಿಯ ಗಾಜು ಎಷ್ಟು ಇಳಿಸಬೇಕೆಂದು ಅವನು ಬೆರಳಲ್ಲೇ ತೋರಿಸುತ್ತಿದ್ದ. ಬಿಸಿ ಕಾಫಿಯ ಲೋಟ ಡಬರಿಗಳನ್ನು ಒಂದು ತೊಟ್ಟೂ ಚೆಲ್ಲದಂತೆ ಆ ಓರೆ ಟ್ರೇಯಲ್ಲಿ ಕೂರಿಸುವುದು ಅಭ್ಯಾಸವಿಲ್ಲದ ಕೈಗೆ ಬರುವ ಕೆಲಸವಲ್ಲ. ಒಳಗೆ ಕೂತು ಗಂಟೆಗಟ್ಟಲೆ ಹರಟುವವರಿಗೂ ಅಲ್ಲಿ ಜಾಗವಿತ್ತು. ಒಂದು ಕಾಫಿಗೆ ಅರ್ಧ ದಿನ ಕೂತವರನ್ನು ಎಬ್ಬಿಸದೆ ಬಿಟ್ಟ ತಾಳ್ಮೆಗೆ ಮದ್ರಾಸಿನ ಬರಹಗಾರರೂ ಸಿನಿಮಾದವರೂ ಋಣಿಗಳು. ಜಾಗವನ್ನು ಸರ್ಕಾರ ವಾಪಸು ಪಡೆದು 2008ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಇದೆ.

ಡ್ರೈವ್-ಇನ್ ಬಂದ ಎರಡು ವರ್ಷಕ್ಕೆ, 1964ರಲ್ಲಿ, ‘ಸರ್ವರ್ ಸುಂದರಂ’ ತೆರೆಗೆ ಬಂತು. ಕೆ. ಬಾಲಚಂದರ್ ಅವರ ನಾಟಕ, ಕೃಷ್ಣನ್-ಪಂಜು ನಿರ್ದೇಶನ. ಹೋಟೆಲಿನ ಸರ್ವರ್ ಸಿನಿಮಾ ನಟನಾಗುವ ಕಥೆ. ಆ ಪಾತ್ರ ಮಾಡಿದ ನಾಗೇಶ್ ಕನ್ನಡ ಮಾತಾಡುವ ಮಾಧ್ವರ ಮನೆಯ ಹುಡುಗ, ಮನೆಯ ಹೆಸರು ಗುಂಡೂರಾವ್. ಊರೆಲ್ಲ ದಿನವೂ ಕಂಡೂ ಕಾಣದಂತಿದ್ದ ಮನುಷ್ಯನನ್ನು ಕಥೆಯ ನಡುವೆ ನಿಲ್ಲಿಸಿದ್ದಕ್ಕೆ ಆ ಚಿತ್ರ ನನಗೆ ದೊಡ್ಡದು.

ಅಷ್ಟರಲ್ಲಿ ಕಾನೂನೂ ಹೋಟೆಲಿನ ಒಳಗೆ ಕಾಲಿಟ್ಟಿತ್ತು. 1958ರ ಮದ್ರಾಸ್ ಕೇಟರಿಂಗ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಕೆಲಸದ ಗಂಟೆ, ವಾರದ ರಜೆಗಳಿಗೆ ಕಟ್ಟು ಹಾಕಿತು. ಕನಿಷ್ಠ ಕೂಲಿಯ ಪಟ್ಟಿಗೆ ಹೋಟೆಲು ಕೆಲಸವೂ ಸೇರಿತು. ಆಗ ಧಣಿಗಳ ಕಡೆಯಿಂದ ಒಂದು ಹೊಸ ವಾದ ಹುಟ್ಟಿತು: ಇವರಿಗೆ ಟಿಪ್ಸು ಬರುತ್ತದಲ್ಲ, ಸಂಬಳ ಏಕೆ ಏರಿಸಬೇಕು? ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 1976ರಲ್ಲಿ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ತಳ್ಳಿಹಾಕಿದರು. ಗಿರಾಕಿ ತನ್ನ ಇಚ್ಛೆಯಿಂದ ಕೊಟ್ಟದ್ದು ಧಣಿ ಕೊಟ್ಟ ಕೂಲಿಯಾಗದು, ಅದನ್ನು ತೋರಿಸಿ ಸಂಬಳ ತಗ್ಗಿಸುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. 2016ರಲ್ಲಿ ಐಟಿಸಿ ಹೋಟೆಲಿನ ತೆರಿಗೆಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ಅದೇ ಜಾಡಿನಲ್ಲಿ ನಡೆಯಿತು: ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲು ಪಡೆದು ಹಂಚಿದರೂ ಅದು ಸಂಬಳವಲ್ಲ, ಹೋಟೆಲು ಅದರಲ್ಲಿ ತೆರಿಗೆ ಮುರಿಯಬೇಕಿಲ್ಲ.

ಅಮೆರಿಕದಲ್ಲಿ ಆದದ್ದು ಇದರ ತದ್ವಿರುದ್ಧ. ಅಲ್ಲಿನ ಫೆಡರಲ್ ಕಾನೂನು ಟಿಪ್ಸು ಪಡೆಯುವ ಕೆಲಸಗಾರರಿಗೆ ಧಣಿ ಕೊಡಬೇಕಾದ ಕೂಲಿಯನ್ನು 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಲ್ಲಿಸಿದೆ. ಉಳಿದದ್ದನ್ನು ಗಿರಾಕಿ ತುಂಬಬೇಕು. ತುಂಬದಿದ್ದರೆ ಮಾತ್ರ ಧಣಿ. ಎಷ್ಟೋ ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚು ಕೂಲಿ ಇದೆ, ನಿಜ. ಆದರೂ ಅಲ್ಲಿರುವ ನಮ್ಮವರು ಬಿಲ್ಲಿನ ಮೇಲೆ ಶೇಕಡ 18, 20 ಎಂದು ಲೆಕ್ಕ ಹಾಕಿ ಕೊಡುತ್ತಾರೆ. ಕೊಡದೆ ಎದ್ದು ಬರುವುದು ಅಲ್ಲಿ ಕೂಲಿ ಕೊಡದೆ ಬಂದಂತೆ. ಟಿಪ್ಸು ಸಂಬಳದ ಜಾಗಕ್ಕೆ ಬಂದರೆ ಹೀಗಾಗುತ್ತದೆ. ಬ್ರಿಟನ್ 2023ರಲ್ಲಿ ಕಾನೂನು ಮಾಡಿ, 2024ರ ಅಕ್ಟೋಬರ್ 1ರಿಂದ ಟಿಪ್ಸಿನ ಪೂರ್ತಿ ಹಣ ಕೆಲಸಗಾರರಿಗೇ ನ್ಯಾಯವಾಗಿ ಹಂಚಿಕೆಯಾಗಬೇಕೆಂದು ವಿಧಿಸಿತು.

ನಮ್ಮಲ್ಲಿ ಧಣಿಗಳು ಹಿಡಿದದ್ದು ಸರ್ವಿಸ್ ಚಾರ್ಜಿನ ದಾರಿ. ಸ್ಟಾರ್ ಹೋಟೆಲುಗಳಲ್ಲಿ, ದೊಡ್ಡ ರೆಸ್ಟೋರೆಂಟುಗಳಲ್ಲಿ ಬಿಲ್ಲಿನ ಕೊನೆಗೆ ಶೇಕಡ 5, 10 ಎಂದು ತಾನಾಗಿ ಸೇರಿಕೊಳ್ಳುವ ಸಾಲು. ಅದನ್ನು ಕೊಟ್ಟವರು ಸಪ್ಲೈಯರಿಗೆ ಕೊಟ್ಟೆವೆಂದೇ ತಿಳಿದರು. ಎಷ್ಟು ಅವನ ಕೈ ಸೇರಿತೆಂದು ಬಿಲ್ಲು ಹೇಳುವುದಿಲ್ಲ. ಇದು ಗಿರಾಕಿಯ ಇಚ್ಛೆಗೆ ಬಿಟ್ಟದ್ದು ಎಂದು ಕೇಂದ್ರ ಸರ್ಕಾರ 2017ರಲ್ಲಿ ಹೇಳಿತು. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ತಾನಾಗಿ ಸೇರಿಸುವುದನ್ನೇ ನಿಷೇಧಿಸಿತು. ರೆಸ್ಟೋರೆಂಟುಗಳ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಪ್ರಾಧಿಕಾರದ ಮಾರ್ಗಸೂಚಿಯನ್ನು ಎತ್ತಿಹಿಡಿದು, ಸಂಘಗಳಿಗೆ ತಲಾ 1 ಲಕ್ಷ ರೂಪಾಯಿ ವೆಚ್ಚ ವಿಧಿಸಿದರು. ಬಿಲ್ಲಿನಲ್ಲಿ ಆ ಸಾಲು ಕಂಡರೆ ತೆಗೆಸಿ, ಆ ಮೊತ್ತವನ್ನು ಬಡಿಸಿದವರ ಕೈಗಿಡುವುದು ನನ್ನ ರೂಢಿ. ತೆಗೆಸಿ ಸುಮ್ಮನೆ ಎದ್ದು ಬರುವುದಲ್ಲ.

ಆದರೆ ಈಗ ಕೈಗಿಡಲು ಕೈಯಲ್ಲಿ ದುಡ್ಡೇ ಇಲ್ಲ. ಬೆಂಗಳೂರಿನಲ್ಲಿ 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗಲೇ ಒಂದು ಕೊಂಡಿ ಕಳಚಿತ್ತು: ಮೊದಲು ಟೋಕನ್, ನಿಂತೇ ತಿಂಡಿ, ಬಡಿಸುವವನಿಲ್ಲ, ಟಿಪ್ಸಿಲ್ಲ. ಚೆನ್ನೈ ಮಾತ್ರ ಕೂತು ತಿನ್ನುವ ಅಭ್ಯಾಸ ಬಿಡಲಿಲ್ಲ. ತಿರುವಲ್ಲಿಕ್ಕೇಣಿಯಲ್ಲಿ 1948ರಿಂದ ಇರುವ ರತ್ನಾ ಕೆಫೆಯಲ್ಲಿ ಸಾಂಬಾರಿನ ಜಗ್ಗು ಹಿಡಿದ ಸರ್ವರ್ ಇಡ್ಲಿ ಮುಳುಗುವವರೆಗೂ ಸುರಿಯುತ್ತಾನೆ, ಮತ್ತೆ ಬಂದು ಕೇಳುತ್ತಾನೆ. ಈ ನಗರದಲ್ಲಿ ಟಿಪ್ಸಿಗೆ ಏಟು ಬಿದ್ದದ್ದು ಬೇರೆ ಕಡೆಯಿಂದ. 2016ರ ನೋಟು ರದ್ದತಿಯ ತಿಂಗಳುಗಳಲ್ಲಿ ಚಿಲ್ಲರೆ ಮಾಯವಾಯಿತು. ಆಮೇಲೆ ಯುಪಿಐ ಹರಡಿ ಬಿಲ್ಲಿನ ಮೊತ್ತ ಪೈಸೆಯೂ ಹೆಚ್ಚುಕಡಿಮೆಯಾಗದಂತೆ ನೇರ ಗಲ್ಲಾಕ್ಕೆ ಹೋಗತೊಡಗಿತು. ಕೊಡಬಾರದೆಂದು ಯಾರೂ ತೀರ್ಮಾನಿಸಲಿಲ್ಲ. ಉಳಿಯುವ ಚಿಲ್ಲರೆ ಇಲ್ಲದ್ದರಿಂದ ಕೊಡುವುದು ನಿಂತಿತು, ಅಷ್ಟೇ. ಮನೆ ಬಾಗಿಲಿಗೆ ತಿಂಡಿ ತರಿಸುವ ಆ್ಯಪ್ ಟಿಪ್ಸು ಕೊಡಿ ಎಂದು ಕೇಳಲು ಬಟನ್ ಇಟ್ಟಿದೆ. ಎದುರಿಗೇ ನಿಂತು ನೀರು ತಂದಿಡುವವನಿಗೆ ಬಟನ್ ಇಲ್ಲ.

ಆ ನಿಂತವನೂ ಈಗ ಕುಂದಾಪುರದವನಲ್ಲ. ಕರಾವಳಿಯ ಹುಡುಗರು ಓದಿ ಬೇರೆ ದಾರಿ ಹಿಡಿದರು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ಕಾನೂನು ನಿಷೇಧಿಸಿದೆ, ಆ ಬಗೆಯ ಮಾಣಿಗಳ ಕಾಲ ಮುಗಿದದ್ದು ಒಳ್ಳೆಯದೇ ಆಯಿತು. ಇಂದು ಚೆನ್ನೈನ ಹೋಟೆಲುಗಳಲ್ಲಿ ಬಡಿಸುವವರು, ಒರೆಸುವವರು ಒಡಿಶಾ, ಬಿಹಾರ, ಅಸ್ಸಾಂ, ನೇಪಾಳಗಳಿಂದ ಬಂದವರು. ನಾಲ್ಕು ತಮಿಳು ಮಾತು ಕಲಿತಿರುತ್ತಾರೆ, ಧಣಿ ಕೊಟ್ಟ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುತ್ತಾರೆ, ಮನಿಯಾರ್ಡರಿನ ಬದಲು ಫೋನಿನಲ್ಲಿ ಊರಿಗೆ ದುಡ್ಡು ಕಳಿಸುತ್ತಾರೆ. ನಮ್ಮ ಅಜ್ಜಂದಿರು ಇದ್ದ ಜಾಗದಲ್ಲೇ ಇವರಿದ್ದಾರೆ. ಇವರನ್ನು ಕಂಡಾಗ ಕನ್ನಡಿಗರಿಗೆ ಬೇರೆಯವರಿಗಿಂತ ಒಂದು ಗುಂಜಿ ಹೆಚ್ಚು ಮನಸ್ಸು ಕರಗಬೇಕು.

ಹಾಗಾಗಿ ನಾನು ಹೋಟೆಲಿಗೆ ಹೋಗುವಾಗ ಹತ್ತು, ಇಪ್ಪತ್ತರ ನೋಟುಗಳನ್ನು ಬೇರೆಯಾಗಿ ಇಟ್ಟುಕೊಳ್ಳುತ್ತೇನೆ. ಬಿಲ್ಲನ್ನು ಫೋನಿನಲ್ಲಿ ಕಟ್ಟಿ, ನೋಟನ್ನು ಕೈಗೇ ಕೊಡುತ್ತೇನೆ. ಮೇಜು ಒರೆಸಿದವನು ಹತ್ತಿರವಿದ್ದರೆ ಅವನಿಗೂ. ಧಣಿ ಪರಿಚಯದವರಾದರೆ ಗಲ್ಲಾದ ಹತ್ತಿರ ನಿಂತು ಇನ್ನೊಂದು ಮಾತು ಕೇಳುತ್ತೇನೆ. ಇಎಸ್‌ಐ ಎಂಬ ನೌಕರರ ವಿಮಾ ಯೋಜನೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಹೋಟೆಲಿಗೆ ಅನ್ವಯಿಸುತ್ತದೆ, ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವ ಎಲ್ಲರಿಗೂ ಚಿಕಿತ್ಸೆಯ ಹಕ್ಕು ಕೊಡುತ್ತದೆ. ಒಲೆಯ ಮುಂದೆ ನಿಂತು ಬಿಸಿ ಎಣ್ಣೆ ಸಿಡಿಸಿಕೊಳ್ಳುವವನಿಗೆ, ಒದ್ದೆ ನೆಲದಲ್ಲಿ ಟ್ರೇ ಹೊತ್ತು ಓಡುವವನಿಗೆ ಅದು ನನ್ನ ಇಪ್ಪತ್ತು ರೂಪಾಯಿಗಿಂತ ದೊಡ್ಡದು. ‘ಹುಡುಗರಿಗೆಲ್ಲ ಇಎಸ್‌ಐ ಕಾರ್ಡು ಮಾಡಿಸಿದ್ದೀರಾ?’ ಎಂದು ಕೇಳಿದರೆ ಕೆಲವರು ‘ಮಾಡಿಸಿದ್ದೇವೆ ಸ್ವಾಮಿ’ ಎನ್ನುತ್ತಾರೆ. ಕೆಲವರು ‘ಇವರು ಆರು ತಿಂಗಳಿಗೆ ಬಿಟ್ಟು ಹೋಗುತ್ತಾರೆ, ಯಾರಿಗೆಂದು ಮಾಡಿಸುವುದು?’ ಎನ್ನುತ್ತಾರೆ. ಬಿಟ್ಟು ಏಕೆ ಹೋಗುತ್ತಾರೆ ಎಂದು ಆಗ ಕೇಳಬೇಕಾಗುತ್ತದೆ, ಕೇಳುತ್ತೇನೆ.